ಒಂದೇ ಗದ್ದೆ, ಮೂರು ಥರದ ಬಣ್ಣ

ನಮ್ಮ ಮನೆ ಜಗುಲಿಯಿಂದ ಕಾಣುವುದು ಇಷ್ಟೇ. ಎದುರಿಗೆ ಗದ್ದೆ. ಗದ್ದೆಯಾಚೆ ಅಡಿಕೆ ತೋಟ. ತೋಟದ ಹಿಂದೆ ಸೊಪ್ಪಿನ ಬೆಟ್ಟ, ಅದರ ಹಿಂದೆ ಇನ್ನೆರಡು ಗುಡ್ಡದ ಸಾಲು. ತೀರ್ಥಹಳ್ಳಿ ಕಡೆ ಯಾವ ಮನೆಯ ಅಂಗಳದಲ್ಲಿ ನಿಂತರೂ ಹೆಚ್ಚುಕಮ್ಮಿ ಇದೇ ನೋಟ ಸಿಗುತ್ತದೆ. ನನ್ನ ಕೆಲಸ ಶಿವಮೊಗ್ಗದಲ್ಲಿ. ಶನಿವಾರ ಸಂಜೆ ಬಸ್ಸು ಹತ್ತಿ ಊರಿಗೆ ಬಂದುಬಿಟ್ಟರೆ ಭಾನುವಾರ ಇಡೀ ಜಗುಲಿ ನನ್ನದು. ಚಿತ್ರ ಬರೆಯುವುದನ್ನು ನಾನು ಯಾರ ಹತ್ತಿರವೂ ಕಲಿತಿಲ್ಲ. ಬರೆಯದೆ ಇದ್ದರೆ ವಾರ ಕಳೆದ ಹಾಗೇ ಅನ್ನಿಸುವುದಿಲ್ಲ, ಅಷ್ಟೇ.

ಕಳೆದ ಮಳೆಗಾಲದಲ್ಲಿ ಒಂದು ಕೆಲಸ ಹಚ್ಚಿಕೊಂಡೆ. ಆರಿದ್ರೆ ಮಳೆಯಿಂದ ಮಘೆ ಮಳೆವರೆಗೆ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ಕೊನೆವರೆಗೆ, ಈ ಒಂದೇ ನೋಟವನ್ನು ವಾಟರ್ ಕಲರ್, ಅಕ್ರಿಲಿಕ್, ಆಯಿಲ್ ಪೇಸ್ಟಲ್ ಮೂರರಲ್ಲೂ ಮತ್ತೆ ಮತ್ತೆ ಬರೆದೆ. ಹತ್ತು ಭಾನುವಾರ, 27 ಚಿತ್ರ.

"ಅದೇ ಗದ್ದೇನ ಎಷ್ಟು ಸಲ ಬರೀತೀಯೇ ಮಾರಾಯ್ತಿ?" ಅಂತ ದೊಡ್ಡಮ್ಮ ಕೇಳಿದರು.

"ಅದೇ ಗದ್ದೆ ಅಲ್ಲ ದೊಡ್ಡಮ್ಮ, ಹೋದ ವಾರ ಬರೀ ಅಗೆ ಇತ್ತು, ಈಗ ನೆಟ್ಟಿ ಆಗಿದೆ" ಅಂದೆ. (ಅಗೆ ಅಂದರೆ ಭತ್ತದ ಎಳೆ ಸಸಿ, ನೆಟ್ಟಿ ಅಂದರೆ ಅದನ್ನು ಕಿತ್ತು ಗದ್ದೆಯಲ್ಲಿ ನೆಡುವುದು.) ಅವರು ಒಂದು ಗಳಿಗೆ ಗದ್ದೆ ನೋಡಿದರು. "ಹೌದು, ಬಣ್ಣ ತಿರುಗಿದೆ" ಅಂದು ಒಳಗೆ ಹೋದರು. ಬಣ್ಣ ತಿರುಗುವುದು ಎಂಬ ಮಾತು ಅವತ್ತಿಂದ ನನ್ನ ಜೊತೆಗೇ ಇದೆ.

ಮೊದಲು ವಾಟರ್ ಕಲರ್ ವಿಷಯ. ಮಲೆನಾಡನ್ನು ಯಾವುದರಲ್ಲಿ ಬರೆದರೆ ಚೆಂದ ಅಂತ ಯಾರನ್ನು ಕೇಳಿದರೂ ಬರುವ ಉತ್ತರ ಇದೇ. ಮಳೆ, ಮಂಜು, ನೀರು ಅಂದಮೇಲೆ ನೀರಿನ ಬಣ್ಣವೇ ಅಲ್ವಾ? ನಾನೂ ಹಾಗೇ ನಂಬಿದ್ದೆ. ಕಾರಣ ಇಲ್ಲದೆ ಅಲ್ಲ. ಈ ಬಣ್ಣದಲ್ಲಿ ಮಂಜನ್ನು ಬರೆಯಬೇಕಾಗಿಯೇ ಇಲ್ಲ. ಕಾಗದದ ಬಿಳಿಯನ್ನು ಸುಮ್ನೆ ಬಿಟ್ಟರೆ ಸಾಕು. ಕಾಗದ ಒದ್ದೆ ಮಾಡಿ, ದೂರದ ಗುಡ್ಡದ ತುದಿಗೆ ಮಾತ್ರ ಬಣ್ಣ ಮುಟ್ಟಿಸಿ ಬಿಟ್ಟರೆ, ಅದು ಕೆಳಕ್ಕೆ ಇಳಿಯುತ್ತಾ ತಾನೇ ಕರಗುತ್ತದೆ. ಗುಡ್ಡದ ಬುಡ ಮಂಜಿನಲ್ಲಿ ಮುಳುಗಿದ ಹಾಗೇ ಕಾಣುತ್ತದೆ.

ಮಳೆಗಾಲದ ಬೂದು ಬಣ್ಣಕ್ಕೆ ನಾನು ಕಪ್ಪನ್ನು ಮುಟ್ಟುವುದಿಲ್ಲ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಬೆರೆಸುತ್ತೇನೆ. ಅಲ್ಟ್ರಾಮರೀನ್ ಕಣ ಸ್ವಲ್ಪ ದಪ್ಪ. ತರಿ ಇರುವ ಕಾಗದದ ತಗ್ಗುಗಳಲ್ಲಿ ಹೋಗಿ ಕೂರುತ್ತದೆ. ಒಣಗಿದಾಗ ಒಂದು ಕಡೆ ನೀಲಿ, ಒಂದು ಕಡೆ ಕಂದು ಕಾಣುವ ಬೂದು ಉಳಿಯುತ್ತದೆ. ಪುಷ್ಯ ಮಳೆಯ ಮಧ್ಯಾಹ್ನ ಮೂರು ಗಂಟೆಯ ಆಕಾಶ ನೋಡಿದ್ದೀರಾ? ಅದು ಹಾಗೇ ಇರುತ್ತದೆ. ಬೂದು ಅಂತೇವೆ, ಆದರೆ ಒಳಗೆ ನೀಲಿ ಇದೆ.

ಇಷ್ಟೆಲ್ಲ ಸರಿ. ಆದರೆ ಒಣಗಬೇಕಲ್ಲ.

ಫೆಬ್ರವರಿಯಲ್ಲಿ ಇದೇ ಜಗುಲಿಯಲ್ಲಿ ಹತ್ತು ನಿಮಿಷಕ್ಕೆ ಕಾಗದದ ಹೊಳಪು ಹೋಗುತ್ತಿತ್ತು. ಜುಲೈಯಲ್ಲಿ ಮುಕ್ಕಾಲು ಗಂಟೆಯಾದರೂ ಒದ್ದೆ. ಗಾಳಿಯೇ ನೀರು ಕುಡಿದು ನಿಂತಿರುವಾಗ ಕಾಗದದ ನೀರು ಎಲ್ಲಿಗೆ ಹೋಗಬೇಕು? ಮೊದಮೊದಲು ಇದು ಅನುಕೂಲ ಅನ್ನಿಸಿತು, ಆಕಾಶ ಬರೆಯಲು ಪುರುಸೊತ್ತು ಸಿಕ್ಕಿತು. ಆಮೇಲೆ ಗೊತ್ತಾಯಿತು. ಅರ್ಧ ಒಣಗಿದ ಬಣ್ಣದ ಮೇಲೆ ತೋಟದ ಹಸಿರು ಇಟ್ಟರೆ ಅದರ ನೀರು ಹಿಂದಿನ ಬಣ್ಣವನ್ನು ತಳ್ಳಿಕೊಂಡು ಹೋಗಿ, ಅಂಚು ಹರಿದ ಕಲೆ ಮಾಡುತ್ತದೆ. ಕಾಯದೆ ಅದಕ್ಕೆ ಮದ್ದಿಲ್ಲ. ಬಚ್ಚಲ ಒಲೆಯ ಹತ್ತಿರ ಹಿಡಿದು ಒಣಗಿಸಿದೆ. ಒಂದು ಮೂಲೆ ಬೇಗ ಒಣಗಿ ಕಾಗದ ಸೊಟ್ಟಗಾಯಿತು. ಅಷ್ಟರಲ್ಲಿ ನಾನು ಬರೆಯಬೇಕೆಂದಿದ್ದ ಮಂಜು ಬೆಟ್ಟ ಹತ್ತಿ ಹೋಗಿತ್ತು.

ಕಾಗದದ ಕಥೆ ಇನ್ನೂ ದೊಡ್ಡದು. ಕಾರ್ಟ್ರಿಡ್ಜ್ ಹಾಳೆ, ಅಂದರೆ ಮಾಮೂಲಿ ಡ್ರಾಯಿಂಗ್ ಹಾಳೆ, ಎರಡನೇ ಸಲ ನೀರು ಬಿದ್ದ ಕೂಡಲೇ ಅಲೆ ಎದ್ದು, ಅಲೆಯ ತಗ್ಗಿನಲ್ಲಿ ಬಣ್ಣ ಮಡುಗಟ್ಟುತ್ತದೆ. 300 ಜಿಎಸ್‌ಎಂನ (ಒಂದು ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಹತ್ತಿ ಕಾಗದ ಬೇಕೇ ಬೇಕು. ಅದರ ಒಂದು ಹಾಳೆಯ ದುಡ್ಡಿಗೆ ಕಾರ್ಟ್ರಿಡ್ಜ್ ಹಾಳೆ ಹತ್ತಾದರೂ ಬರುತ್ತದೆ. ಅಷ್ಟು ದುಡ್ಡು ಕೊಟ್ಟು ತಂದ ಕಾಗದಕ್ಕೂ ಮಲೆನಾಡಿನ ಬೂಷ್ಟು ಬಿಡುವುದಿಲ್ಲ. ನೀರು ಪೂರ್ತಿ ಇಂಗದ ಹಾಗೆ ಈ ಕಾಗದಕ್ಕೆ ಅಂಟು ಹಾಕಿರುತ್ತಾರೆ. ಎಷ್ಟೋ ಒಳ್ಳೆ ಕಾಗದಗಳಲ್ಲಿ ಅದು ಜೆಲಾಟಿನ್. ಬೂಷ್ಟಿಗೆ ಅದೇ ಊಟ. ಮೇಲುನೋಟಕ್ಕೆ ಕಾಗದ ಚೆನ್ನಾಗೇ ಕಾಣುತ್ತದೆ. ಬಣ್ಣ ಹಚ್ಚಿದಾಗ ಮಾತ್ರ ಅಂಟು ಹೋದ ಜಾಗದಲ್ಲಿ ಚುಕ್ಕೆ ಚುಕ್ಕೆಯಾಗಿ ಇಂಗಿಬಿಡುತ್ತದೆ. ನನ್ನ ಎರಡು ಆಕಾಶಕ್ಕೆ ಹೀಗೆ ಸಿಡುಬು ಎದ್ದಿತು. ಈಗ ಕಾಗದವನ್ನು ಬಿಗಿ ಮುಚ್ಚಳದ ಡಬ್ಬದಲ್ಲಿ, ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಪೊಟ್ಟಣಗಳ ಜೊತೆ ಇಡುತ್ತೇನೆ. ಬೇಕಾದಾಗ ಒಂದೇ ಹಾಳೆ ಹೊರಗೆ.

ಇನ್ನು ಅಕ್ರಿಲಿಕ್. ಇದನ್ನು ನಾನು ಏಪ್ರಿಲ್‌ನಲ್ಲಿ ಶಿವಮೊಗ್ಗದ ಬಾಡಿಗೆ ಮನೆಯಲ್ಲಿ ಶುರು ಮಾಡಿ ಬೇಸತ್ತಿದ್ದೆ. ಫ್ಯಾನ್ ಗಾಳಿಗೆ ತಟ್ಟೆಯಲ್ಲಿದ್ದ ಬಣ್ಣ ಕಣ್ಣೆದುರೇ ಚರ್ಮ ಕಟ್ಟುತ್ತಿತ್ತು. ಒಣಗಿದರೆ ಅದು ಪ್ಲಾಸ್ಟಿಕ್, ಮತ್ತೆ ನೀರಿಗೆ ಕರಗುವುದಿಲ್ಲ. ಎರಡು ಬ್ರಶ್ ಹಾಳಾದವು. ಮಳೆಗಾಲಕ್ಕೆ ಅದನ್ನೇ ಊರಿಗೆ ತಂದಾಗ ಬೇರೆಯೇ ಬಣ್ಣ ಕೈಗೆ ಬಂದ ಹಾಗಾಯಿತು. ವಾಟರ್ ಕಲರನ್ನು ಕಾಡುವ ಅದೇ ಒದ್ದೆ ಗಾಳಿ ಇದಕ್ಕೆ ಬೇಕಾದ ಪುರುಸೊತ್ತು ಕೊಡುತ್ತದೆ. ಆಕಾಶದ ಒಂದು ಬಣ್ಣವನ್ನು ಇನ್ನೊಂದಕ್ಕೆ ಸೇರಿಸಲು ಸಮಯ ಸಿಗುತ್ತದೆ. ಒಂದೊಂದು ಪದರಕ್ಕೆ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಕಾದರೆ ಆಯಿತು. ಮಳೆಗಾಲಕ್ಕೆ ಅಕ್ರಿಲಿಕ್ ಹೊಂದುತ್ತದೆ ಅಂತ ನನಗೆ ಮೊದಲು ಯಾರೂ ಹೇಳಿರಲಿಲ್ಲ. ಅದಕ್ಕೇ ಇಲ್ಲಿ ಒತ್ತಿ ಹೇಳುತ್ತಿದ್ದೇನೆ.

ಅಡಿಕೆ ತೋಟದ ಒಳಗನ್ನು ಬರೆಯಲು ಇದಕ್ಕೆ ಸಾಟಿ ಇಲ್ಲ. ತೋಟದೊಳಗೆ ಹೋದರೆ ಮೊದಲು ಕಾಣುವುದು ಕತ್ತಲು. ಆಮೇಲೆ ಕತ್ತಲಿನ ಮೇಲೆ ಬೆಳಕು. ಸೋಗೆಗಳ ನಡುವಿಂದ ಇಳಿಯುವ ಒಂದೆರಡು ಕೋಲು, ಮೆಣಸಿನ ಬಳ್ಳಿಯ ಎಲೆಯ ಹೊಳಪು, ಅಡಿಕೆ ಮರದ ಕಾಂಡದ ಮೇಲಿನ ಬಿಳಿ ಮಚ್ಚೆ. ವಾಟರ್ ಕಲರಿನಲ್ಲಿ ಈ ಬಿಳಿಗಳನ್ನೆಲ್ಲ ಮೊದಲೇ ಯೋಚಿಸಿ ಬಿಟ್ಟುಕೊಂಡು ಬರಬೇಕು. ಅಕ್ರಿಲಿಕ್‌ನಲ್ಲಿ ಕಣ್ಣು ನೋಡಿದ ಕ್ರಮದಲ್ಲೇ ಬರೆಯಬಹುದು, ಮೊದಲು ಕತ್ತಲು, ಆಮೇಲೆ ಬೆಳಕು. ಆ ಕತ್ತಲಿಗೆ ಥ್ಯಾಲೊ ಎಂಬ ಕಡು ಹಸಿರಿಗೆ ಕ್ರಿಮ್ಸನ್ ಕೆಂಪು ಬೆರೆಸಿ. ಹೆಚ್ಚುಕಮ್ಮಿ ಕಪ್ಪು ಬರುತ್ತದೆ, ಆದರೆ ಉಸಿರಾಡುವ ಕಪ್ಪು. ಮಂಡಗದ್ದೆಯಲ್ಲಿ ಹೊಳೆ ನಡುವಿನ ಮರಗಳ ಮೇಲೆ ಬೆಳ್ಳಕ್ಕಿಗಳು ಗೂಡು ಕಟ್ಟುವ ಕಾಲಕ್ಕೆ ಒಂದು ಸಲ ಹೋಗಿದ್ದೆ. ಆ ಹಸಿರಿನ ಮೇಲಿನ ಅಷ್ಟೊಂದು ಬಿಳಿ ಚುಕ್ಕೆಗಳನ್ನೂ ಅಕ್ರಿಲಿಕ್ ಒಂದೇ ಸಲಕ್ಕೆ ಕೊಟ್ಟಿತು.

ಇನ್ನೊಂದು ಉಪಾಯ ಈ ಬಣ್ಣದಲ್ಲೇ ಹೊಳೆದದ್ದು. ಬಿಳಿ ಕಾಗದಕ್ಕೆ ಮೊದಲು ಇಟ್ಟಿಗೆ ಕೆಂಪು ಬಳಿದು ಒಣಗಿಸುತ್ತೇನೆ. ಅದರ ಮೇಲೆ ಹಸಿರು. ಅಲ್ಲಲ್ಲಿ ಸಂದಿಯಲ್ಲಿ ಕೆಂಪು ಇಣುಕಲು ಬಿಡುತ್ತೇನೆ. ಹಸಿರಿನ ಪಕ್ಕ ಕೆಂಪು ಇದ್ದರೆ ಎರಡೂ ಎದ್ದು ಕಾಣುತ್ತವೆ. ನಮ್ಮ ಕಡೆ ನೆಲವೇ ಹಾಗಿದೆಯಲ್ಲ. ಎಷ್ಟೇ ಹಸಿರು ಮುಚ್ಚಿಕೊಂಡರೂ ಒಂದು ದರೆ (ಕಡಿದಾದ ಮಣ್ಣಿನ ದಿಬ್ಬ) ಕುಸಿದಲ್ಲಿ, ಒಂದು ಕಾಲುದಾರಿ ಸವೆದಲ್ಲಿ ಕೆಮ್ಮಣ್ಣು ಕಾಣುತ್ತದೆ. ಮಾರ್ಚ್‌ನಲ್ಲಿ ಕಾಡಿನ ಚಿಗುರೂ ಮೊದಲು ಕೆಂಪಾಗೇ ಬರುತ್ತದೆ.

ಆದರೆ ಮಂಜು ಬರೆಯಲು ಹೊರಟರೆ ಅಕ್ರಿಲಿಕ್ ಸೋಲುತ್ತದೆ. ಬಿಳಿ ಬೆರೆಸಿದ ಕೂಡಲೇ ಬಣ್ಣ ಸುಣ್ಣ ಬಳಿದ ಗೋಡೆಯ ಹಾಗಾಗುತ್ತದೆ. ಬಿಳಿಯನ್ನು ತುಂಬ ತೆಳ್ಳಗೆ ಮಾಡಿ ಒಣಗಿದ ಗುಡ್ಡದ ಮೇಲೆ ಎಳೆದು ನೋಡಿದೆ. ದೂರದಿಂದ ಒಪ್ಪುತ್ತದೆ, ಹತ್ತಿರ ಬಂದರೆ ಪರದೆ ಹಾಕಿದ ಹಾಗೆ. ಒಣಗಿದ ಮೇಲೆ ಬಣ್ಣ ಒಂದು ಮಟ್ಟ ಗಾಢವೂ ಆಗುತ್ತದೆ, ಆ ಲೆಕ್ಕ ಮೊದಲೇ ಇಟ್ಟುಕೊಳ್ಳಬೇಕು. ಮತ್ತೊಂದು ಎಚ್ಚರ. ಮಳೆಗಾಲದಲ್ಲಿ ಅಕ್ರಿಲಿಕ್ ಒಣಗಿದ ಹಾಗೆ ಕಂಡರೂ ಮೈ ಅಂಟಂಟಾಗೇ ಇರುತ್ತದೆ. ಎರಡು ಚಿತ್ರಗಳನ್ನು ಎದುರುಬದುರಾಗಿ ಇಟ್ಟು ಮಲಗಿದ್ದೆ. ಬೆಳಗ್ಗೆ ಬಿಡಿಸುವಾಗ ಒಂದರ ಆಕಾಶ ಇನ್ನೊಂದಕ್ಕೆ ಹೋಯಿತು. ನಡುವೆ ಬೆಣ್ಣೆ ಕಾಗದ ಇಡಲೇಬೇಕು.

ಆಯಿಲ್ ಪೇಸ್ಟಲನ್ನು ಮಕ್ಕಳ ಬಣ್ಣ ಅಂತ ಬದಿಗೆ ಇಡುವವರು ಜಾಸ್ತಿ. ಇಡಬೇಡಿ. ಒಂದು ಭಾನುವಾರ ಆಗುಂಬೆಗೆ ಹೋಗಿದ್ದಾಗ ನನ್ನ ಚೀಲದಲ್ಲಿ ಮೂರೂ ಇದ್ದವು. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು ಅದು. ಕೊಡೆ ಹಿಡಿದರೂ ಪಕ್ಕದಿಂದ ಎರಚಲು ಬರುತ್ತದೆ. ಸೂರ್ಯಾಸ್ತ ನೋಡುವ ಜಾಗದಲ್ಲಿ ಎದುರಿಗೆ ಬರೀ ಬಿಳಿ, ಕರಾವಳಿ ಇಲ್ಲ, ಕಣಿವೆ ಇಲ್ಲ. ಎರಡು ನಿಮಿಷಕ್ಕೊಮ್ಮೆ ಮಂಜು ಸರಿದು ಒಂದು ಗುಡ್ಡದ ಬೆನ್ನು ಕಂಡು ಮತ್ತೆ ಮುಚ್ಚಿಕೊಳ್ಳುತ್ತಿತ್ತು. ವಾಟರ್ ಕಲರ್ ಪುಸ್ತಕ ತೆರೆಯುವ ಹಾಗೇ ಇರಲಿಲ್ಲ. ಆಯಿಲ್ ಪೇಸ್ಟಲ್ ಅಂದರೆ ಮೇಣ ಮತ್ತು ಎಣ್ಣೆಯಲ್ಲಿ ಕಲಸಿದ ಬಣ್ಣ. ಅದರ ಮೇಲೆ ಬಿದ್ದ ಮಳೆಹನಿ ಕೆಸುವಿನೆಲೆ ಮೇಲಿನ ನೀರಿನ ಹಾಗೆ ಉರುಳಿ ಹೋಯಿತು. ಬಿಳಿ ಕಡ್ಡಿ ಗಟ್ಟಿಯಾಗಿ ಉಜ್ಜಿ, ಮೇಲೆ ತುಸು ನೀಲಿ, ತುಸು ಕಂದು ಎಳೆದು ಬೆರಳಿನಿಂದ ತಿಕ್ಕಿದೆ. ಮಂಜು ಮುಚ್ಚುವಷ್ಟರಲ್ಲಿ ಗುಡ್ಡದ ಬೆನ್ನು ಕಾಗದದ ಮೇಲಿತ್ತು. ಹತ್ತು ನಿಮಿಷದ ಕೆಲಸ. ಅವತ್ತಿನ ಚಳಿ, ಕಿವಿ ತುಂಬಿದ್ದ ಮಳೆ ಸದ್ದು ಎಲ್ಲ ಆ ಚಿತ್ರದಲ್ಲಿ ಈಗಲೂ ನನಗೆ ಸಿಗುತ್ತದೆ.

ಸೋಗೆಯ ಎಳೆ ಎಳೆ ಬರೆಯಲು ಇದರಲ್ಲಿ ಆಗುವುದಿಲ್ಲ, ಕಡ್ಡಿ ದಪ್ಪ. ಚಿತ್ರ ಯಾವತ್ತೂ ಪೂರ್ತಿ ಒಣಗುವುದೂ ಇಲ್ಲ, ಕೈ ತಾಗಿದರೆ ಬಣ್ಣ ಬರುತ್ತದೆ. ಬೇಸಿಗೆಯಲ್ಲಿ ಬಸ್ಸಿನ ಬಿಸಿಗೆ ಕಡ್ಡಿಗಳು ಮೆತ್ತಗಾಗಿ ಒಂದಕ್ಕೊಂದು ಅಂಟುತ್ತವೆ. ಮಳೆಗಾಲದ ತಂಪಿಗೆ ಗಟ್ಟಿಯಾಗಿ ಚೆನ್ನಾಗಿರುತ್ತವೆ.

ಹಸಿರಿನ ಬಗ್ಗೆ ಒಂದು ಮಾತು, ಇದು ಮೂರಕ್ಕೂ ಸೇರಿದ್ದು. ಅಂಗಡಿಯಲ್ಲಿ ಸಿಗುವ ಹಸಿರನ್ನು ಹಾಗೇ ಹಚ್ಚಿದರೆ ಯಾವ ಬಣ್ಣದಲ್ಲೂ ಮಲೆನಾಡು ಬರುವುದಿಲ್ಲ. ಅಗೆಯ ಹಸಿರಿಗೆ ನಿಂಬೆ ಹಳದಿಗೆ ಥ್ಯಾಲೊ ನೀಲಿ ಒಂದು ಚೂರು ಸಾಕು, ಕಣ್ಣು ಕುಕ್ಕುವ ಹಾಗೆ ಬರುತ್ತದೆ, ಅಗೆ ಇರುವುದೇ ಹಾಗೆ. ಬೆಟ್ಟದ ಮಾಸಲು ಹಸಿರಿಗೆ ಅಲ್ಟ್ರಾಮರೀನ್ ಜೊತೆ ಹಳದಿ, ಮೇಲೆ ಕಂದು. ಕಲ್ಲಿನ ಮೇಲಿನ ಪಾಚಿಗೆ ಹಳದಿ ಮುಂದೆ, ಹಸಿರು ಹಿಂದೆ. ಟ್ಯೂಬ್ ಕೊಳ್ಳುವಾಗ ಮೇಲಿನ ಹೆಸರು ಬಿಟ್ಟು, ಅದರಲ್ಲಿ ಬರೆದಿರುವ ಪಿಗ್ಮೆಂಟ್ (ಬಣ್ಣ ಕೊಡುವ ಪುಡಿ) ಸಂಖ್ಯೆ ನೋಡಿ. ಅಲ್ಟ್ರಾಮರೀನ್ ಆದರೆ ಪಿಬಿ 29, ಥ್ಯಾಲೊ ಹಸಿರು ಆದರೆ ಪಿಜಿ 7. ಸಂಖ್ಯೆಯೇ ಇಲ್ಲದ ಒಂದು ಅಗ್ಗದ ಹಸಿರಿನಲ್ಲಿ ಬರೆದ ಚಿತ್ರ ಕಿಟಕಿ ಪಕ್ಕ ಒಂದು ವರ್ಷ ಇದ್ದು ಒಣಹುಲ್ಲಿನ ಬಣ್ಣಕ್ಕೆ ಬಂತು. ಅಮ್ಮನಿಗೆ ಕೊಟ್ಟ ಚಿತ್ರ ಅದು. ಇವತ್ತಿಗೂ ಬೇಜಾರಿದೆ.

27ರಲ್ಲಿ ಎತ್ತಿಟ್ಟುಕೊಂಡದ್ದು ಆರು. ಅಕ್ರಿಲಿಕ್ ಮೂರು, ಪೇಸ್ಟಲ್ ಎರಡು, ವಾಟರ್ ಕಲರ್ ಒಂದೇ ಒಂದು. ಹೊಸದಾಗಿ ಶುರು ಮಾಡುವವರು ಜುಲೈಯಲ್ಲಿ ನನ್ನ ಜೊತೆ ಹೊರಟರೆ ಅವರ ಕೈಗೆ ಪೇಸ್ಟಲ್ ಪೆಟ್ಟಿಗೆ ಕೊಡುತ್ತೇನೆ. ಗೋಡೆಗೆ ಹಾಕುವ ಚಿತ್ರ ಬೇಕು ಅಂದರೆ ಅಕ್ರಿಲಿಕ್. ಆದರೆ ಆ ಒಂದು ವಾಟರ್ ಕಲರ್ ಇದೆಯಲ್ಲ, ಪುನರ್ವಸು ಮಳೆ ಹೊಳವಾಗಿ ಬಿಡುವು ಕೊಟ್ಟ ಒಂದು ಬೆಳಗ್ಗೆ ಬರೆದದ್ದು, ಅದರಲ್ಲಿ ಮೂರನೇ ಗುಡ್ಡ ಇದೆಯೋ ಇಲ್ಲವೋ ಅನ್ನುವ ಹಾಗೆ ನಿಂತಿದೆ. ಉಳಿದ ಐದನ್ನು ಯಾರಾದರೂ ಕೇಳಿದರೆ ಕೊಟ್ಟೇನು. ಅದನ್ನು ಕೊಡುವುದಿಲ್ಲ.

ಮೂರಕ್ಕೂ ಒಲಿಯದ ಬಣ್ಣ ಒಂದಿತ್ತು, ತುಂಬಿದ ತುಂಗೆ. ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯಲ್ಲಿ ಕಲ್ಲಿನ ಮಂಟಪ ಇದೆ. ಅದು ಮುಳುಗಿದರೆ ತುಂಗೆ ತುಂಬಿದಳು ಅಂತ ಲೆಕ್ಕ, ಊರೆಲ್ಲ ನೋಡಲು ಬರುತ್ತದೆ. ನೀರು ಕೆಂಪೂ ಅಲ್ಲ, ಕಂದೂ ಅಲ್ಲ, ಹಾಲು ಹಾಕಿದ ಹಾಗೆ ಮಂದ. ಟ್ಯೂಬಿನ ಬಣ್ಣದಲ್ಲಿ ಎಷ್ಟು ಬೆರೆಸಿದರೂ ಬರಲಿಲ್ಲ. ಆಗ ಸಾಗರದ ಕಡೆ ದೀವರ ಸಮುದಾಯದ ಹೆಂಗಸರು ಮನೆ ಗೋಡೆ ಮೇಲೆ ಬರೆಯುವ ಹಸೆ ಚಿತ್ತಾರ ನೆನಪಾಯಿತು. ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ಅಕ್ಕಿ ಹಿಟ್ಟು, ಕಪ್ಪಿಗೆ ಸುಟ್ಟ ಅಕ್ಕಿ, ಬ್ರಶ್ಶಿಗೆ ಪುಂಡಿ ನಾರು. ಅವರ ಬಣ್ಣದಂಗಡಿ ಮನೆ ಸುತ್ತಲೇ ಇದೆ.

ನಮ್ಮ ದರೆಯಿಂದಲೇ ಕೆಮ್ಮಣ್ಣು ತಂದೆ. ನೀರಿನಲ್ಲಿ ಕದಡಿ, ಮರಳು ಕೆಳಗೆ ಕೂತ ಮೇಲೆ ಮೇಲಿನ ಕೆಂಪು ನೀರನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಿದೆ. ಹೀಗೆ ಮೂರು ಸಲ. ಕೊನೆಗೆ ಬಟ್ಟೆಯ ಮೇಲೆ ಉಳಿದ ನುಣುಪು ಮಣ್ಣಿಗೆ ಗ್ರಂಥಿಗೆ ಅಂಗಡಿಯ ಜಾಲಿ ಅಂಟನ್ನು ಕರಗಿಸಿ ಹಾಕಿ, ಎರಡು ಹನಿ ಜೇನು, ಬೂಷ್ಟು ಬಾರದಿರಲಿ ಅಂತ ಒಂದು ಹನಿ ಲವಂಗದ ಎಣ್ಣೆ ಸೇರಿಸಿ ಅರೆದೆ. ಗಾಢ ಕಂದಿಗೆ ಅಡಿಕೆ ಬೇಯಿಸಿದ ಚೊಗರು ಇತ್ತು. ಅದಕ್ಕೆ ತುಕ್ಕು ಹಿಡಿದ ಮೊಳೆ ಹಾಕಿ ಇಟ್ಟರೆ ಕಪ್ಪಾಗುತ್ತದೆ.

ಆ ಬಣ್ಣದಲ್ಲಿ ಮಂಟಪದ ಸುತ್ತಲಿನ ನೀರು ಬರೆದೆ. ಒಣಗಲು ಎರಡು ಗಂಟೆ ಹಿಡಿಯಿತು. ದೊಡ್ಡಮ್ಮನಿಗೆ ತೋರಿಸಿದೆ.

"ನಮ್ಮ ದರೆ ಮಣ್ಣಾ?"

"ಹೌದು ದೊಡ್ಡಮ್ಮ."

"ಹೊಳೇಲಿ ಹೋಗೋದೂ ಅದೇ ಮಣ್ಣಲ್ವೇನೇ" ಅಂದರು.