ಜಲ್ಲಿ, ಸಾಯಿಲ್, ಮರಳು: ಮೀನಿನ ಟ್ಯಾಂಕಿನ ತಳಕ್ಕೆ ಯಾವುದು?

ನಮ್ಮ ಮನೆಯಲ್ಲಿರುವುದು ಎರಡಡಿ ಉದ್ದ, ಒಂದಡಿ ಅಗಲದ ಟ್ಯಾಂಕ್. ಅದರಲ್ಲಿ ತಳದಲ್ಲೇ ಓಡಾಡುವ ಆರು ಕೋರಿಡೋರಾಸ್ ಮೀನು (ಚಿಕ್ಕದಾಗಿ ಕೋರಿ), ಒಂದಷ್ಟು ನಿಯಾನ್ ಟೆಟ್ರಾ ಮೀನು. ತಳಕ್ಕೆ ಮೂರು ಬಗೆಯ ಹಾಸು ಹಾಕಿ ನೋಡಿದ್ದೇನೆ. ನಮ್ಮದು ಬೋರ್‌ವೆಲ್ ನೀರು, ಗಡಸು ಜಾಸ್ತಿ.

ಮೊದಲು ಹಾಕಿದ್ದು ನೀಲಿ ಬಣ್ಣದ ಜಲ್ಲಿ. ಅಗ್ಗ, ತೊಳೆಯುವುದೂ ಸುಲಭ. ಆದರೆ ಕಲ್ಲುಗಳ ನಡುವೆ ಸಂದು ಜಾಸ್ತಿ. ತಿಂಡಿ ಅಲ್ಲಿಗೆ ಇಳಿದು ಕೊಳೆಯುತ್ತದೆ. ವಾರಕ್ಕೊಮ್ಮೆ ಸೈಫನ್ ಪೈಪ್ ಚುಚ್ಚಿ ಎಳೆದರೆ ಬರೀ ಕಂದು ನೀರು. ಅದನ್ನಾದರೂ ಸಹಿಸಬಹುದಿತ್ತು. ಕೋರಿಗಳನ್ನು ನೋಡಿ ಮಾತ್ರ ಸಂಕಟವಾಯಿತು. ಅವು ತಳಕ್ಕೆ ಮೂತಿ ಇಟ್ಟು, ಮೀಸೆಯಿಂದ ತಡಕಿ ತಿನ್ನುವ ಮೀನುಗಳು. ಆರು ತಿಂಗಳಲ್ಲಿ ಎರಡು ಮೀನುಗಳ ಮೀಸೆ ಮೋಟಾಗಿತ್ತು. ಕಲ್ಲಿನ ಚೂಪು ಅಂಚು, ಅಡಿಯ ಕೊಳೆ ಎರಡೂ ಸೇರಿದರೆ ಹೀಗಾಗುತ್ತದೆ.

ಆಮೇಲೆ ಅಕ್ವಾ ಸಾಯಿಲ್. ಮಣ್ಣನ್ನು ಸುಟ್ಟು ಮಾಡಿದ ಕಪ್ಪು ಗುಳಿಗೆಗಳಿವು, ಬೆಲೆ ದುಬಾರಿ. ಗಿಡ ಬೆಳೆಸಲು ಇದಕ್ಕೆ ಸಾಟಿ ಇಲ್ಲ, ನಿಜ. ಕ್ರಿಪ್ಟೊಕೋರಿನ್ ಗಿಡ ಬುಡದಲ್ಲೆಲ್ಲಾ ಮರಿ ಹಾಕಿತು. (ಈ ಕುಲದ ಗಿಡಗಳು ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲೂ ಇವೆ, ಗೊತ್ತಾ?) ಆದರೆ ಶುರುವಿನ ವಾರಗಳಲ್ಲಿ ಸಾಯಿಲ್ ಅಮೋನಿಯಾ ಬಿಡುತ್ತದೆ, ಅದು ಮೀನಿಗೆ ವಿಷ. ಒಂದು ತಿಂಗಳು ಮೀನುಗಳನ್ನು ಬೇರೆ ಟಬ್‌ನಲ್ಲಿ ಇಡಬೇಕಾಯಿತು. ಸಾಯಿಲ್ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ಇಳಿಸುತ್ತದೆ, ಟೆಟ್ರಾಗಳಿಗೆ ಅದು ಒಳ್ಳೆಯದೇ. ಆದರೆ ಗಡಸು ನೀರಿನಲ್ಲಿ ಆ ಶಕ್ತಿ ಬೇಗ ಖಾಲಿಯಾಗುತ್ತದೆ. ವರ್ಷ ಕಳೆಯುವಷ್ಟರಲ್ಲಿ ಗುಳಿಗೆಗಳೂ ಪುಡಿಯಾಗಿ, ಕೋರಿ ಕೆದಕಿದಾಗಲೆಲ್ಲ ನೀರು ಕದಡುತ್ತಿತ್ತು.

ಈಗಿರುವುದು ಮರಳು. ಕಟ್ಟಡಕ್ಕೆ ಬಳಸುವ ಎಂ-ಸ್ಯಾಂಡ್ ಬೇಡವೇ ಬೇಡ. ಅದು ಕಲ್ಲು ಪುಡಿ ಮಾಡಿದ್ದು, ಕಾಳುಗಳು ಚೂಪು, ಧೂಳೂ ಜಾಸ್ತಿ. ನಾನು ತಂದಿದ್ದು ನೀರಿನ ಫಿಲ್ಟರಿಗೆ ಹಾಕುವ ಮರಳು. ಒಂದು ಇಂಚಿಗಿಂತ ಸ್ವಲ್ಪ ದಪ್ಪಕ್ಕೆ ಸುಮಾರು 9 ಕೆಜಿ ಹಿಡಿಯಿತು. ಯಾವ ಮರಳೇ ತನ್ನಿ, ಒಂದು ಚಿಟಿಕೆಯ ಮೇಲೆ ವಿನೆಗರ್ ಬಿಟ್ಟು ನೋಡಿ. ಗುಳ್ಳೆ ಎದ್ದರೆ ಅದರಲ್ಲಿ ಸುಣ್ಣದ ಅಂಶ ಇದೆ, ನೀರು ಇನ್ನೂ ಗಡಸಾಗುತ್ತದೆ. ಆಮೇಲೆ ಬಕೆಟ್ಟಿನಲ್ಲಿ ನೀರು ತಿಳಿಯಾಗುವ ತನಕ ತೊಳೆಯಿರಿ. ನನಗೆ ಹನ್ನೆರಡು ಸಲ ಬೇಕಾಯಿತು.

ತೊಂದರೆ ಇಲ್ಲದಿಲ್ಲ. ಮರಳಿನಲ್ಲಿ ಗೊಬ್ಬರದ ಅಂಶ ಇಲ್ಲ, ಗಿಡದ ಬುಡಕ್ಕೆ ರೂಟ್ ಟ್ಯಾಬ್ (ಗೊಬ್ಬರದ ಗುಳಿಗೆ) ಹೂಳಬೇಕು. ದಪ್ಪ ಹಾಕಿದರೆ ಅಡಿಯಲ್ಲಿ ಗಾಳಿಯಾಡದೆ ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಅದಕ್ಕೇ ತೆಳ್ಳಗೆ ಹಾಕಿದ್ದೇನೆ. ಮರಳೊಳಗೇ ಓಡಾಡುವ ಟ್ರಂಪೆಟ್ ಬಸವನಹುಳುಗಳನ್ನೂ ಬಿಟ್ಟಿದ್ದೇನೆ. ಫಿಲ್ಟರಿನ ಬಾಯಿಗೆ ಸ್ಪಂಜು ಕಟ್ಟಿ, ಇಲ್ಲದಿದ್ದರೆ ಮರಳು ಮೋಟರಿಗೆ ಹೋಗುತ್ತದೆ. ಕಸ ಮಾತ್ರ ಮರಳಿನ ಮೇಲೇ ನಿಲ್ಲುತ್ತದೆ, ಸೈಫನ್ ಪೈಪನ್ನು ಸ್ವಲ್ಪ ಎತ್ತಿ ಹಿಡಿದರೆ ಸಾಕು.

ತಳ ಖಾಲಿ ಬಿಡುವುದು ಮರಿ ಮಾಡಿಸುವ ಟ್ಯಾಂಕಿಗೆ, ಔಷಧಿ ಹಾಕುವ ಟ್ಯಾಂಕಿಗೆ ಸರಿ.

ಗಿಡವೇ ಮುಖ್ಯ, ನೀರೂ ಮೆದು ಅಂದರೆ ಸಾಯಿಲ್ ತಗೊಳ್ಳಿ. ಕೋರಿ, ಲೋಚ್ ತರಹದ ತಳದ ಮೀನು ಇದ್ದರೆ ಮರಳೇ. ಹಾಕಿದ ಮೊದಲ ದಿನವೇ ನಮ್ಮ ಕೋರಿಗಳು ಕಣ್ಣಿನ ತನಕ ಮೂತಿ ಹೂತು, ಮರಳನ್ನು ಬಾಯಿಗೆ ತಗೊಂಡು ಕಿವಿರಿನಿಂದ ಬಿಡತೊಡಗಿದವು. ಜಲ್ಲಿಯಲ್ಲಿ ಅವು ಹೀಗೆ ಮಾಡಿದ್ದನ್ನು ನಾನು ನೋಡೇ ಇರಲಿಲ್ಲ. ಮೋಟಾದ ಮೀಸೆ ಒಂದಕ್ಕೆ ಮತ್ತೆ ಬೆಳೆದಿದೆ. ಇನ್ನೊಂದಕ್ಕೆ ಬರಲಿಲ್ಲ, ಆದರೂ ಉಳಿದವುಗಳ ಜೊತೆ ಚೆನ್ನಾಗಿ ತಿನ್ನುತ್ತಿದೆ.