ಬೈಕಿನಲ್ಲಿ ತಾಳಮದ್ದಲೆ: ಇಪ್ಪತ್ತೊಂದು ತಿಂಗಳ ಸ್ಪೀಕರ್ ಸಹವಾಸ

ಈ ಸ್ಪೀಕರ್ ಜೋಡಿಯ ಬಗ್ಗೆ ಬರೆಯಲು ಹಿಂದೆ ಮೂರು ಸಲ ಕುಳಿತಿದ್ದೆ. ಮೂರು ಸಲವೂ ಮನಸ್ಸಿನಲ್ಲಿದ್ದದ್ದು ಬರೀ ದೂರು. ದೂರಿಗೆ ಕಾರಣ ಒಂದೇ ಒಂದು ಸದ್ದು. ಎಂಜಿನ್ ಚಾಲೂ ಆದ ಕ್ಷಣದಿಂದ ಸ್ಪೀಕರಿನೊಳಗೆ ಸೊಳ್ಳೆ ಸಿಕ್ಕಿಹಾಕಿಕೊಂಡಂತೆ 'ಕುಂಯ್' ಎಂಬ ಸಣ್ಣ ಎಳೆಯೊಂದು ಶುರುವಾಗುತ್ತಿತ್ತು. ಆಕ್ಸಿಲರೇಟರ್ ತಿರುಗಿಸಿದರೆ ಅದು ಮೇಲಕ್ಕೇರುತ್ತಿತ್ತು, ಕೈ ಸಡಿಲಿಸಿದರೆ ಇಳಿಯುತ್ತಿತ್ತು. ಸಿನಿಮಾ ಹಾಡು ಕೇಳುವವರಿಗೆ ಅದು ಗಮನಕ್ಕೇ ಬಾರದಿರಬಹುದು. ನಾನು ಕೇಳುವುದು ತಾಳಮದ್ದಲೆಯನ್ನು, ಅಂದರೆ ವೇಷ ಕುಣಿತಗಳಿಲ್ಲದೆ ಹಾಡು ಮಾತುಗಳಲ್ಲೇ ನಡೆಯುವ ಯಕ್ಷಗಾನವನ್ನು. ಹಾಡುವ ಭಾಗವತರು ಒಂದು ಶ್ರುತಿಯಲ್ಲಿ ನಿಂತು ಪದ ಎತ್ತಿದರೆ, ನನ್ನ ಬೈಕು ಬೇರೊಂದು ಶ್ರುತಿಯನ್ನು ಹಿಡಿದು, ಅದನ್ನೂ ಗೇರಿಗೊಂದರಂತೆ ಬದಲಿಸುತ್ತ ಅವರ ಬೆನ್ನಟ್ಟಿ ಹೋಗುತ್ತಿತ್ತು. ನಾಲ್ಕು ತಿಂಗಳು ಇದನ್ನು ಸಹಿಸಿದ್ದೇನೆ.

ನನ್ನ ಮನೆ ಕಾಪುವಿನಲ್ಲಿ, ಕೆಲಸ ಬೈಕಂಪಾಡಿಯ ಕೈಗಾರಿಕಾ ಪ್ರದೇಶದಲ್ಲಿ. ಉಚ್ಚಿಲ, ಪಡುಬಿದ್ರಿ, ಹೆಜಮಾಡಿ, ಮುಲ್ಕಿ, ಹಳೆಯಂಗಡಿ, ಮುಕ್ಕ, ಸುರತ್ಕಲ್ ದಾಟಿ ಹೋಗುವ ಈ ಹೆದ್ದಾರಿ 66ರ ದಾರಿ ಒಂದು ಕಡೆಗೆ ಮೂವತ್ತು ಕಿಲೋಮೀಟರಿನ ಆಚೀಚೆ. ನನ್ನ ವೇಗಕ್ಕೆ ಅದು ಮುಕ್ಕಾಲು ಗಂಟೆಯ ಹಾದಿ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹೆಲ್ಮೆಟ್ ಹಾಕಬಹುದಲ್ಲ ಎಂದು ಕೇಳುವವರಿದ್ದಾರೆ. ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸುಗಳು ಹಿಂದಿನಿಂದ ಹಾರ್ನ್ ಹಾಕಿಕೊಂಡು ಬರುವ ರಭಸವನ್ನು ಒಮ್ಮೆ ಕಂಡವರು ಆ ಸಲಹೆ ಕೊಡಲಾರರು. ಈ ದಾರಿಯಲ್ಲಿ ಕಿವಿಯನ್ನು ಮುಚ್ಚಿಕೊಂಡು ಹೋಗಬಾರದು. ಹೆಲ್ಮೆಟ್ಟಿನೊಳಗೆ ಕೂರುವ ಒಳ್ಳೆಯ ಬ್ಲೂಟೂತ್ ಸಾಧನದ ಬೆಲೆಯೂ ನನ್ನ ಕೈಗೆ ಮೀರಿದ್ದು. ಹಾಗಾಗಿ ಹ್ಯಾಂಡಲಿಗೆ ಕಟ್ಟುವ ಮೂರು ಇಂಚಿನ ಎರಡು ಸ್ಪೀಕರು ಮತ್ತು ಸಣ್ಣ ಆಂಪ್ಲಿಫೈಯರ್ ಇರುವ ಸೆಟ್ಟನ್ನು 2,850 ರೂಪಾಯಿಗೆ ತೆಗೆದುಕೊಂಡೆ. ವಯರು, ಫ್ಯೂಸು, ರಿಲೇ ಎಂದು 600, ಕೂಲಿ 500 ಆಯಿತು.

ಪೆಟ್ಟಿಗೆಯ ಮೇಲೆ 300 ವ್ಯಾಟ್ ಎಂದು ಅಚ್ಚಾಗಿತ್ತು. ಇದನ್ನು ನಂಬಿ ಯಾರೂ ಹಣ ಕೊಡಬಾರದೆಂದು ಇಷ್ಟು ಹೇಳುತ್ತೇನೆ: ಬೈಕಿನಲ್ಲಿ ಸಿಗುವುದು ಹೆಚ್ಚೆಂದರೆ 14 ವೋಲ್ಟ್ ಚಿಲ್ಲರೆ, ಮತ್ತು ಆ ವೋಲ್ಟೇಜಿನಿಂದ, ಅದನ್ನು ಏರಿಸಿಕೊಳ್ಳುವ ಏರ್ಪಾಡಿಲ್ಲದ ಆಂಪ್ಲಿಫೈಯರು 4 ಓಮಿನ ಸ್ಪೀಕರಿಗೆ ದನಿ ಒಡೆಯದಂತೆ ಕೊಡಬಲ್ಲದ್ದು ಸುಮಾರು 20 ವ್ಯಾಟ್. ಉಳಿದದ್ದೆಲ್ಲ ಮುದ್ರಣಾಲಯದ ಕೊಡುಗೆ. ಆದರೆ ಗಂಟೆಗೆ 45 ಕಿಲೋಮೀಟರಿನ ಒಳಗೆ ಓಡಿಸುವವನಿಗೆ 20 ವ್ಯಾಟ್ ಧಾರಾಳ ಸಾಕು; 60 ದಾಟಿದರೆ ಹೆಲ್ಮೆಟ್ಟಿನ ಸುತ್ತ ಗಾಳಿಯೇ ಎಲ್ಲರಿಗಿಂತ ದೊಡ್ಡ ಭಾಗವತ.

ಮೊದಮೊದಲು ನಾನೂ ಹಾಡುಗಳನ್ನೇ ಹಾಕಿ ನೋಡಿದೆ. ನಿರಾಶೆಯಾಯಿತು. ಸಣ್ಣ ಸ್ಪೀಕರು, ಹಿಂದೆ ಮುಚ್ಚಿದ ಪೆಟ್ಟಿಗೆಯಿಲ್ಲ, ಸುತ್ತಲೂ ಬಯಲು. ಮುಂಭಾಗದಿಂದ ಹೊರಟ ತಗ್ಗುಸ್ವರವನ್ನು ಹಿಂಭಾಗದಿಂದ ಹೊರಟ ಅಲೆಯೇ ಅಳಿಸಿಹಾಕುತ್ತದೆ, ಉಳಿದಷ್ಟನ್ನು ಗಾಳಿಯ ಮೊರೆತ ನುಂಗುತ್ತದೆ. ಡೋಲು, ಬೇಸ್ ಗಿಟಾರು ಎಲ್ಲ ಮಾಯವಾಗಿ, ಹಾಡೆಂಬುದು ಎಲುಬಿಲ್ಲದ ಮೀನಿನಂತೆ ಜೋಲು ಬೀಳುತ್ತದೆ. ರೇಡಿಯೋ ಕೂಡ ಇತ್ತು; ಆಕಾಶವಾಣಿ ಮಂಗಳೂರಿನ 100.3ನ್ನು ಹಿಡಿಯಲು ಹೋದರೆ ಆಂಪ್ಲಿಫೈಯರಿನ ಕರಕರೆಯೇ ಹೆಚ್ಚು ಕೇಳಿಸಿತು. ಹೀಗೆ ಬೇಸತ್ತಿದ್ದ ಒಂದು ಸಂಜೆ, ಫೋನಿನಲ್ಲಿದ್ದ ಹಳೆಯ ತಾಳಮದ್ದಲೆಯ ಧ್ವನಿಮುದ್ರಣವೊಂದು, ಯಾವುದೋ ಕಾಲದ ಕ್ಯಾಸೆಟ್ಟಿನಿಂದ ಇಳಿಸಿಕೊಂಡದ್ದು, ಕೈತಪ್ಪಿ ಶುರುವಾಯಿತು. ಬೈಕಂಪಾಡಿಯಲ್ಲಿ ಶುರುವಾದ ವಾಲಿಯ ಮಾತು ಮುಲ್ಕಿಯ ಶಾಂಭವಿ ಸೇತುವೆಯವರೆಗೆ ಒಂದಕ್ಷರ ಬಿಡದೆ ಕೇಳಿಸಿತು.

ಕಾರಣ ಸರಳವಾದದ್ದು. ಮನುಷ್ಯನ ಮಾತು ತಿಳಿಯಲು 300ರಿಂದ 3,400 ಹರ್ಟ್ಸಿನವರೆಗಿನ ಸದ್ದು ಸಾಕೆಂದು ಹಳೆಯ ದೂರವಾಣಿಯ ಕಾಲದಲ್ಲೇ ಲೆಕ್ಕ ಹಾಕಿದ್ದಾರೆ. ಈ ಪುಟ್ಟ ಸ್ಪೀಕರು ಚೆನ್ನಾಗಿ ನುಡಿಯುವುದೂ ಅಷ್ಟರಲ್ಲೇ. ಮದ್ದಲೆಯ ಗುಂಕಾರ ಗಾಳಿಗೆ ಹೋಗುತ್ತದೆ, ಒಪ್ಪುತ್ತೇನೆ. ಆದರೆ ಚೆಂಡೆಯ ಪೆಟ್ಟು ಲಾರಿಯ ಸದ್ದನ್ನೂ ಸೀಳಿಕೊಂಡು ಬರುತ್ತದೆ, ಭಾಗವತರ ಏರುದನಿ ಸ್ವಚ್ಛವಾಗಿರುತ್ತದೆ, ಮತ್ತು ಪಾತ್ರದ ಮಾತನ್ನು, ಅಂದರೆ 'ಅರ್ಥ'ವನ್ನು, ಹೇಳುವ ಅರ್ಥಧಾರಿ ಮಾತಿಗೆ ತೊಡಗಿದಾಗ ಆತ ಪೆಟ್ರೋಲ್ ಟ್ಯಾಂಕಿನ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ನನಗೊಬ್ಬನಿಗೇ ಹೇಳುತ್ತಿದ್ದಾನೆ ಎನಿಸುತ್ತದೆ. ವೇಷವಿಲ್ಲದ, ಕುಣಿತವಿಲ್ಲದ, ಕೇವಲ ಮಾತಿನಲ್ಲೇ ರಂಗಸ್ಥಳ ಕಟ್ಟುವ ಕಲೆಗೆ, ಕಣ್ಣು ರಸ್ತೆಯ ಮೇಲೆ ಇರಲೇಬೇಕಾದ ಬೈಕ್ ಸವಾರನಷ್ಟು ತಕ್ಕ ಕೇಳುಗ ಬೇರೊಬ್ಬನಿಲ್ಲ ಎಂದು ಈಗ ನನಗೆ ಅನಿಸುತ್ತದೆ.

ಅಂದಿನಿಂದ ಬೆಳಗಿನ ಕ್ರಮ ಗಟ್ಟಿಯಾಯಿತು. ಏಳು ಗಂಟೆಗೆ ಚಹಾ ಕುಡಿದು ಹೊರಬಂದು, ಸ್ಪೀಕರಿನ ಜಾಲರಿಯ ಮೇಲಿನ ಇಬ್ಬನಿಯನ್ನು ಹಳೆಯ ಬನಿಯನ್ ತುಂಡಿನಲ್ಲಿ ಒರೆಸುತ್ತೇನೆ. ಬಳಿಕ ಫೋನನ್ನು ಪ್ಲಾಸ್ಟಿಕ್ ತೊಟ್ಟೆಯೊಳಗೆ ಹಾಕಿ ಬಾಯಿ ಮಡಚಿ ರಬ್ಬರ್ ಬ್ಯಾಂಡ್ ಸುತ್ತುತ್ತೇನೆ. ಜಲನಿರೋಧಕ ಎಂದು ಹೇಳಿ ಮಾರುವ ಫೋನ್ ಚೀಲಕ್ಕಿಂತ ದಪ್ಪನೆಯ ಹಾಲಿನ ತೊಟ್ಟೆಯನ್ನು ತೊಳೆದು ಒಣಗಿಸಿದ್ದು ನನಗೆ ಹೆಚ್ಚು ದಿನ ಬಾಳಿದೆ. ಆಮೇಲೆ ಈಕ್ವಲೈಸರಿನಲ್ಲಿ ತಗ್ಗುಸ್ವರವನ್ನು ಪೂರ್ತಿ ಇಳಿಸಿಡುತ್ತೇನೆ. ನುಡಿಯಲಾಗದ ಸ್ವರವನ್ನು ನುಡಿ ಎಂದು ಸ್ಪೀಕರನ್ನು ಪೀಡಿಸದಿದ್ದರೆ ಮಾತು ಇನ್ನಷ್ಟು ತಿಳಿಯಾಗುತ್ತದೆ. ಮನೆಯ ಗೇಟಿನಿಂದ ಹೆದ್ದಾರಿಯವರೆಗೆ ಸದ್ದು ಬಂದ್. ಪೀಠಿಕೆ ಉಚ್ಚಿಲದ ಹೊತ್ತಿಗೆ ಮುಗಿದರೆ ಸಂವಾದ ಹೆಜಮಾಡಿಯಲ್ಲಿ ಬಿಸಿಯೇರಿರುತ್ತದೆ. ಕರ್ಣ ಶಲ್ಯರ ಜಗಳ ಮುಗಿಯದೆ ಕಾರ್ಖಾನೆಯ ಗೇಟು ಬಂದು, ಎಂಜಿನ್ ನಿಲ್ಲಿಸಿ ಎರಡು ನಿಮಿಷ ಸುಮ್ಮನೆ ಕುಳಿತ ದಿನಗಳೂ ಇವೆ. ಕಾವಲುಗಾರರು ಈಗ ಕಾರಣ ಕೇಳುವುದಿಲ್ಲ.

ಇಷ್ಟು ಸುಖದ ನಡುವೆ ಆ 'ಕುಂಯ್'. ಅಂಗಡಿಯವರು ಮೊದಲು ಸ್ಪೀಕರು ಬದಲಿಸಿ ಕೊಟ್ಟರು, ಸದ್ದು ಹೋಗಲಿಲ್ಲ. ಬ್ಯಾಟರಿ ಹಳತಾಗಿದೆ ಎಂದರು, ಆಗಿರಲಿಲ್ಲ. ಪ್ಲಗ್ಗಿನ ಕಿಡಿಯಿಂದ ಹಾಗಾಗುತ್ತದೆ ಎಂದು ಹೊಸ ಪ್ಲಗ್ಗನ್ನೂ ಹಾಕಿಸಿದರು. ಕೊನೆಗೆ 'ಬೈಕಲ್ಲಿ ಅಷ್ಟು ಇದ್ದದ್ದೇ' ಎಂದುಬಿಟ್ಟರು. ಉತ್ತರ ಸಿಕ್ಕಿದ್ದು ಕಟಪಾಡಿಯ ಬದಿಯಲ್ಲಿ ರಿಕ್ಷಾಗಳ ವಯರಿಂಗ್ ಮಾಡುವ ಒಬ್ಬರಿಂದ. ಅವರು ಐದು ನಿಮಿಷ ಎಂಜಿನ್ ಏರಿಸಿ ಇಳಿಸಿ ಕಿವಿಗೊಟ್ಟು, 'ಫೋನಿನ ಚಾರ್ಜರ್ ಒಮ್ಮೆ ತೆಗೀರಿ ಮಾರಾಯ್ರೆ' ಎಂದರು. ತೆಗೆದೆ. ಸದ್ದು ಸತ್ತುಹೋಯಿತು. ಮತ್ತೆ ಸಿಕ್ಕಿಸಿದೆ, ಬಂತು. 'ಎಂತ ಅಣ್ಣ ಇದು?' ಎಂದರೆ, 'ಎರಡು ಕಡೆಯಿಂದ ಅರ್ಥಿಂಗ್ ಆದ್ರೆ ಹಾಗೇ' ಎಂದರು.

ಅವರು ಹೇಳಿದ್ದನ್ನು ಬಿಡಿಸಿ ಹೇಳುವುದಾದರೆ, ಬೈಕಿನ ಮ್ಯಾಗ್ನೆಟೋ ಹುಟ್ಟಿಸುವ ವಿದ್ಯುತ್ತು ರೆಕ್ಟಿಫೈಯರಿನಲ್ಲಿ ಒಂದೇ ದಿಕ್ಕಿಗೆ ತಿರುಗಿದರೂ ಅದರ ಮೈಮೇಲೆ ಸಣ್ಣ ತರಂಗಗಳು ಉಳಿದಿರುತ್ತವೆ, ಎಂಜಿನ್ ವೇಗ ಹೆಚ್ಚಿದಂತೆ ಆ ತರಂಗಗಳ ಸ್ವರವೂ ಏರುತ್ತದೆ. ನನ್ನ ಫೋನಿಗೆ ಚಾರ್ಜರಿನ ವಯರಿನಿಂದ ಒಂದು, ಆಂಪ್ಲಿಫೈಯರಿಗೆ ಸದ್ದು ಒಯ್ಯುವ ಆಕ್ಸ್ ವಯರಿನಿಂದ ಇನ್ನೊಂದು, ಹೀಗೆ ಎರಡು ದಾರಿಯಲ್ಲಿ ಅರ್ಥಿಂಗ್ ಸಿಗುತ್ತಿತ್ತು; ಎರಡೂ ಸೇರಿ ಒಂದು ಬಳೆಯಂತಾಗಿ, ಆ ಬಳೆಯಲ್ಲಿ ಹರಿದ ತರಂಗವೇ ಸ್ಪೀಕರಿನಲ್ಲಿ ಹಾಡುತ್ತಿತ್ತು. ಅರ್ಥ ಕೇಳಲು ಹೊರಟವನು ನಾಲ್ಕು ತಿಂಗಳು ಅರ್ಥಿಂಗಿನಲ್ಲಿ ಸಿಕ್ಕಿಕೊಂಡಿದ್ದೆ. ಪರಿಹಾರ 220 ರೂಪಾಯಿಯದು: ಆಕ್ಸ್ ವಯರಿನ ನಡುವೆ ಸಿಕ್ಕಿಸುವ, ಒಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುವ ಐಸೊಲೇಟರ್. ವಯರಿನ ಬದಲು ಬ್ಲೂಟೂತಿನಲ್ಲಿ ಕೇಳಿದರೂ ಈ ಬಳೆ ಕಡಿಯುತ್ತದೆ. ನನ್ನ ಆಂಪ್ಲಿಫೈಯರಿನಲ್ಲಿ ಅದಿಲ್ಲ. ಇದರ ಜತೆಗೆ ಅವರು ಆಂಪ್ಲಿಫೈಯರಿನ ಕಪ್ಪು ವಯರನ್ನು ಚಾಸಿಸ್ಸಿನ ಬಣ್ಣ ಬಳಿದ ಬೋಲ್ಟಿನಿಂದ ಬಿಚ್ಚಿ ನೇರವಾಗಿ ಬ್ಯಾಟರಿಯ ನೆಗೆಟಿವ್‌ಗೆ ತಂದು ಕಟ್ಟಿದರು, ಮತ್ತು ಅದಕ್ಕೆ ಹಣ ತೆಗೆದುಕೊಳ್ಳಲಿಲ್ಲ.

ಆ ದಿನ ಈ ವಿಮರ್ಶೆಯನ್ನು ಬರೆದಿದ್ದರೆ ಹೊಗಳಿಕೆಯಲ್ಲಿ ಮುಗಿಯುತ್ತಿತ್ತು. ಅಷ್ಟರಲ್ಲಿ ಮೇ ತಿಂಗಳ ಕೊನೆಯ ಪತ್ತನಾಜೆ ಬಂತು. ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದವು. ಮಳೆಗಾಲವೆಂದರೆ ನಮ್ಮಲ್ಲಿ ತಾಳಮದ್ದಲೆಯ ಕಾಲ, ಕೇಳುವ ಚಪಲ ಇಮ್ಮಡಿಯಾಗುವ ಕಾಲ. ದುರದೃಷ್ಟಕ್ಕೆ ಸ್ಪೀಕರುಗಳು ಸಾಯುವ ಕಾಲವೂ ಅದೇ. ಪೆಟ್ಟಿಗೆಯ ಮೇಲೆ ಐಪಿ 65 ಎಂದಿತ್ತು. ಅದು ಸುಳ್ಳಲ್ಲ ಎಂದೇ ಇಟ್ಟುಕೊಂಡರೂ, ಆ ಸಂಖ್ಯೆ ಹೇಳುವುದು ಧೂಳು ಒಳಹೋಗದು, ಕೆಲವು ನಿಮಿಷ ನೀರು ಚಿಮ್ಮಿಸಿದರೆ ಒಳಹೋಗದು ಎಂದಷ್ಟೇ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಸುರಿಯುವ ಊರಿನಲ್ಲಿ, ಸುರತ್ಕಲ್ಲಿನ ಕಡಲಂಚಿನ ಉಪ್ಪುಗಾಳಿಯಲ್ಲಿ ತಿಂಗಳುಗಟ್ಟಲೆ ನಿಂತ ಲೋಹಕ್ಕೆ ತುಕ್ಕು ಹಿಡಿಯುತ್ತದೆಯೋ ಇಲ್ಲವೋ ಎಂಬುದಕ್ಕೂ ಆ ಸಂಖ್ಯೆಗೂ ಸಂಬಂಧವಿಲ್ಲ. ಜುಲೈ–ಆಗಸ್ಟಿನ ಆಟಿ ತಿಂಗಳ ನಡುವಿಗೆ ಎಡ ಸ್ಪೀಕರು ಗೊಗ್ಗರು ದನಿಯಲ್ಲಿ ಮಾತಾಡತೊಡಗಿತು, ಎಂಟು ದಿನಗಳಲ್ಲಿ ಮೌನವಾಯಿತು, ಬಲದ್ದು ಚೌತಿಯವರೆಗೆ ಎಳೆಯಿತು.

ಬಿಚ್ಚಿ ನೋಡಿದರೆ ಸ್ಪೀಕರಿನೊಳಗೆ ನೀರು ಹೋಗಿರಲೇ ಇಲ್ಲ. ಸತ್ತಿದ್ದು ವಯರು. ಎಳೆಎಳೆಯಾದ ತಾಮ್ರದ ತಂತಿಯ ತುದಿಯಿಂದ ಉಪ್ಪುನೀರು ಬತ್ತಿಯಲ್ಲಿ ಎಣ್ಣೆ ಏರಿದಂತೆ ಪ್ಲಾಸ್ಟಿಕ್ಕಿನೊಳಗೆ ಏರಿ, ಗೇಣುದ್ದಕ್ಕೂ ಹಸಿರು ಕಿಲುಬು ಕಟ್ಟಿ, ಮುಟ್ಟಿದರೆ ಪುಡಿಯಾಗುತ್ತಿತ್ತು. ಮಲ್ಪೆಯಲ್ಲಿ ಬೋಟುಗಳ ವಯರಿಂಗ್ ಮಾಡುವ ಗೆಳೆಯ ಅದನ್ನು ಕಂಡು ನಕ್ಕ. ಬೋಟಿಗೆ ಬರಿ ತಾಮ್ರ ಹಾಕುವುದಿಲ್ಲ, ತವರ ಲೇಪಿಸಿದ ತಂತಿಯನ್ನೇ ಹಾಕುತ್ತಾರೆ. ಅಜ್ಜಿಯ ಕಾಲದ ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದದ್ದೂ ಇದೇ ಉಪಾಯ. ಕಂಪನಿ ಹೆಚ್ಚೆಂದರೆ ಐವತ್ತು ರೂಪಾಯಿ ಖರ್ಚು ಮಾಡಿ ಆ ವಯರನ್ನು ಕೊಡಬಹುದಿತ್ತು. ಅದರ ಬದಲು ನೀಲಿ ಬೆಳಕು ಮಿನುಗುವ ಉಂಗುರವೊಂದನ್ನು ಕೊಟ್ಟಿದೆ, ಅದನ್ನು ನಾನು ಮೊದಲ ವಾರವೇ ಕಿತ್ತಿದ್ದೆ. ಹೊಸ ಸ್ಪೀಕರು ಜೋಡಿಗೆ 1,400 ತೆತ್ತು, ಈ ಸಲ ಕಲಾಯಿ ವಯರನ್ನೇ ಎಳೆಸಿ, ಕೀಲುಗಳಿಗೆ ವ್ಯಾಸಲೀನ್ ಮೆತ್ತಿ, ನೀರು ನಿಲ್ಲದಂತೆ ಸ್ಪೀಕರುಗಳ ಮುಖವನ್ನು ತುಸು ಕೆಳಕ್ಕೆ ಬಾಗಿಸಿದ್ದೇನೆ.

ಇನ್ನೊಂದು ಎಡವಟ್ಟು, ಚುಟುಕಾಗಿ. ಇಂದ್ರಾಳಿಯ ಉಡುಪಿ ರೈಲು ನಿಲ್ದಾಣದಲ್ಲಿ ಬೈಕು ನಿಲ್ಲಿಸಿ ಮುಂಬೈಗೆ ಹೋಗಿ ಹನ್ನೆರಡು ದಿನ ಬಿಟ್ಟು ಬಂದರೆ ಸ್ಟಾರ್ಟರ್ 'ಟಿಕ್' ಎನ್ನುತ್ತದೆ, ಅಷ್ಟೇ. ನನ್ನ ಬೈಕಿಗೆ ಕಿಕ್ಕರ್ ಇಲ್ಲ. ಗಡಿಯಾರ ಮತ್ತು ರೇಡಿಯೋದ ನೆನಪಿಗಾಗಿ ಆಂಪ್ಲಿಫೈಯರು ಬ್ಯಾಟರಿಯಿಂದ ಸದಾ 25 ಮಿಲಿಆಂಪಿಯರ್ ಹೀರುತ್ತಿತ್ತು, ದಿನಕ್ಕೆ 0.6ರಂತೆ ಹನ್ನೆರಡು ದಿನಕ್ಕೆ 7.2 ಆಂಪಿಯರ್-ಅವರ್, ಬ್ಯಾಟರಿ ಇರುವುದೇ 9ರದ್ದು. ಆ ವಯರನ್ನೂ, ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ ಬಿಡುವ ಇಗ್ನಿಷನ್ ರಿಲೇಯ ಹಿಂದಕ್ಕೆ ತಂದ ಮೇಲೆ ಗಡಿಯಾರ ದಿನಾ ಹನ್ನೆರಡು ಗಂಟೆಯಿಂದ ಶುರುವಾಗುತ್ತದೆ. ನನ್ನ ಕೈಗೆ ವಾಚಿದೆ.

ಸದ್ದಿನ ಮರ್ಯಾದೆಯ ಬಗ್ಗೆಯೂ ಒಂದು ಮಾತು. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯವೆಂದೂ, ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಿತಿ 45 ಡೆಸಿಬೆಲ್ ಎಂದೂ 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದವರಿಗೂ ಕೇಳಿಸುವಂತಿದ್ದರೆ ನಾನು ದನಿ ಇಳಿಸುತ್ತೇನೆ. ಒಮ್ಮೆ ಸುರತ್ಕಲ್ಲಿನಲ್ಲಿ ಹಾಗೆ ಇಳಿಸಿದಾಗ ಪಕ್ಕದ ರಿಕ್ಷಾದ ಹಿರಿಯ ಚಾಲಕರು, 'ಇರ್ಲಿ ಇರ್ಲಿ, ರಾಮ ಎಂತ ಉತ್ತರ ಕೊಡ್ತಾನೆ ಕೇಳುವ' ಎಂದದ್ದುಂಟು. ಅಷ್ಟರಲ್ಲಿ ಹಸಿರು ದೀಪ ಬಂತು.

ಇದುವರೆಗೆ ಒಟ್ಟು ಖರ್ಚು 5,570 ರೂಪಾಯಿ. ದಿನಾ ಎಂಬತ್ತರಲ್ಲಿ ಓಡಿಸುವವರಿಗೆ, ಹಾಡಿನ ಬೇಸ್ ಎದೆಗೆ ಬಡಿಯಬೇಕು ಎನ್ನುವವರಿಗೆ ಈ ದುಡ್ಡು ದಂಡ. ನನ್ನಂತೆ ನಿಧಾನವಾಗಿ ಹೋಗುತ್ತ ಮಾತು ಕೇಳುವವರು ಕೊಳ್ಳಬಹುದು. ಆದರೆ ಕಂಪನಿಯ ವಯರನ್ನು ಮೊದಲ ದಿನವೇ ಕಿತ್ತೆಸೆದು, ಐಸೊಲೇಟರ್ ಜತೆಗೇ ತರಬೇಕು.

ಈಗ ಎರಡನೇ ಆಟಿ ನಡೆಯುತ್ತಿದೆ. ಕಲಾಯಿ ವಯರು ಇನ್ನೂ ಬೆಳ್ಳಗಿದೆ. ಎಡ ಸ್ಪೀಕರಿನ ಕೋನು ಮಾತ್ರ ಅಂಚಿನಲ್ಲಿ ಅಂಟು ಬಿಟ್ಟು ಕಳೆದ ವಾರದಿಂದ ಕರಕರ ಎನ್ನುತ್ತಿದೆ. ದೀಪಾವಳಿಯವರೆಗೆ ಹೊಸದನ್ನು ತರುವುದಿಲ್ಲವೆಂದು ಬ್ಯಾಲೆನ್ಸನ್ನು ಪೂರ್ತಿ ಬಲಕ್ಕೆ ತಿರುಗಿಸಿಟ್ಟಿದ್ದೇನೆ. ನನ್ನಲ್ಲಿರುವ ಹಳೆಯ ಧ್ವನಿಮುದ್ರಣಗಳೆಲ್ಲ ಮೋನೋ, ಎರಡೂ ಸ್ಪೀಕರಿನಲ್ಲಿ ಒಂದೇ ಸದ್ದು, ಆದ್ದರಿಂದ ಅದರಿಂದ ವಾಲಿಗೂ ರಾಮನಿಗೂ ನಷ್ಟವೇನಿಲ್ಲ.