‘ಸಾತ್’ ಎಂದರೆ ‘ಆಠ್’: ಶ್ರವಣ ಸಾಧನದೊಂದಿಗೆ ಎರಡೂವರೆ ವರ್ಷ

ರಾಯಚೂರಿನ ಕೃಷಿ ಮಾರುಕಟ್ಟೆ ರಾಜೇಂದ್ರ ಗಂಜ್‌ನ ಅಡತ್ (ದಲ್ಲಾಳಿ) ಅಂಗಡಿಯೊಂದರಲ್ಲಿ ನಾನು ಗುಮಾಸ್ತ, ವಯಸ್ಸು 59. 2021ರ ಶೇಂಗಾ ಹಂಗಾಮಿನಲ್ಲಿ ಒಂದು ದಿನ ತೂಕದವನು ಉರ್ದುವಿನಲ್ಲಿ ‘ಸಾತ್’, ಅಂದರೆ ಏಳು, ಎಂದು ಕೂಗಿದ. ನನ್ನ ಕಿವಿಗೆ ಬಿದ್ದದ್ದು ‘ಆಠ್’. ತಕ್‌ಪಟ್ಟಿಯಲ್ಲಿ, ಅಂದರೆ ತೂಕದ ಚೀಟಿಯಲ್ಲಿ, ಎಂಟು ಚೀಲ ಎಂದು ಬರೆದೆ. ಸಂಜೆ ಲೆಕ್ಕ ಕೂಡಲಿಲ್ಲ, ಒಂದು ಚೀಲದ ಹಣ ಸಾಹುಕಾರರ ಕೈಯಿಂದ ಹೋಯಿತು. ಅವರು ಬೈಯಲಿಲ್ಲ. ‘ಗುಮಾಸ್ತರೇ, ಕನ್ನಡಕ ಬದಲಿಸಿರಿ’ ಎಂದರು. ಕಣ್ಣು ಚೆನ್ನಾಗಿಯೇ ಇತ್ತು.

ಅದಕ್ಕೂ ಒಂದು ವರ್ಷ ಮೊದಲಿನಿಂದಲೇ ನನ್ನ ಹೆಂಡತಿ ‘ನಿಮಗೆ ಬೇಕಾದದ್ದು ಮಾತ್ರ ಕೇಳಿಸುತ್ತದೆ’ ಎನ್ನುತ್ತಿದ್ದಳು. ಸಂಸಾರದ ಮಾತು ಎಂದು ಬಿಟ್ಟಿದ್ದೆ. ಗಂಜ್‌ನಲ್ಲಿ ದಿನಕ್ಕೆ ಮೂರು ಭಾಷೆ ಕಿವಿಗೆ ಬೀಳುತ್ತವೆ. ಕನ್ನಡದಲ್ಲಿ ಅರ್ಧ ಕೇಳಿಸಿದರೂ ಉಳಿದರ್ಧವನ್ನು ತಲೆಯೇ ತುಂಬಿಕೊಳ್ಳುತ್ತಿತ್ತು. ಎಡವುತ್ತಿದ್ದದ್ದು ತೆಲುಗಿನಲ್ಲಿ, ಅದಕ್ಕಿಂತ ಹೆಚ್ಚು ಉರ್ದುವಿನಲ್ಲಿ. ಹಾಗಾಗಿ ದೋಷ ಭಾಷೆಯದ್ದು ಎಂದು ಬಹಳ ದಿನ ನಂಬಿದ್ದೆ.

ಮೊದಲು ಹೋದದ್ದು ಒಂದು ಉಚಿತ ತಪಾಸಣೆ ಶಿಬಿರಕ್ಕೆ. ಯಾರು ನಡೆಸಿದರೆಂದು ಬರೆಯುವುದಿಲ್ಲ. ರಸ್ತೆ ಪಕ್ಕದ ಕೋಣೆ, ತೆರೆದ ಬಾಗಿಲು, ಹೊರಗೆ ಆಟೋಗಳು. ಹತ್ತು ನಿಮಿಷದಲ್ಲಿ ಪರೀಕ್ಷೆ ಮುಗಿಸಿ, 50 ಡೆಸಿಬೆಲ್ ನಷ್ಟವಾಗಿದೆ, ಸಾಧನ ಹಾಕದಿದ್ದರೆ ಮರೆವಿನ ಕಾಯಿಲೆ ಬರುತ್ತದೆ, ರಿಯಾಯಿತಿ ಇವತ್ತಿಗೆ ಮಾತ್ರ ಎಂದರು. ಇವತ್ತಿಗೆ ಮಾತ್ರ ಎಂಬ ದರವನ್ನು ನಾನು ಮೂವತ್ತು ವರ್ಷದಿಂದ ಕೇಳುತ್ತಿದ್ದೇನೆ. ಎದ್ದು ಬಂದೆ.

ಆಮೇಲೆ ಕಿವಿ, ಮೂಗು, ಗಂಟಲಿನ ವೈದ್ಯರ ಬಳಿ ಹೋದೆ. ಅವರು ಮೊದಲು ಎರಡೂ ಕಿವಿಯ ಗುಗ್ಗೆ ತೆಗೆದರು. ಬಲಗಿವಿಯಲ್ಲಿದ್ದದ್ದು ಹುಣಸೆ ಬೀಜದಷ್ಟಿತ್ತು. ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯನ್ನು ಇನ್ನು ಮುಂದೆ ಹಾಕಬೇಡಿ ಎಂದರು. ಅದು ನಮ್ಮ ಅತ್ತೆಯವರ ಔಷಧ, ಮನೆಯಲ್ಲಿ ಹೇಳಲು ಧೈರ್ಯ ಬೇಕಾಯಿತು. ಬಳಿಕ ಹೊರಗಿನ ಸದ್ದು ಬಾರದ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದವರು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ ಬಂದ ಶ್ರವಣ ತಜ್ಞೆ. ಕೆಳಗಿನ ಸ್ವರಗಳಿಂದ ಮೇಲಿನ ಸ್ವರಗಳವರೆಗೆ ನನ್ನ ಲೆಕ್ಕ ಹೀಗಿತ್ತು (ಹರ್ಟ್ಸ್ ಎಂದರೆ ಸ್ವರದ ಎತ್ತರ; ಡೆಸಿಬೆಲ್ ಹೆಚ್ಚಿದಷ್ಟೂ ನಷ್ಟ ಹೆಚ್ಚು): 500 ಹರ್ಟ್ಸ್‌ನಲ್ಲಿ 15 ಡೆಸಿಬೆಲ್, 1000ದಲ್ಲಿ 20, 2000ದಲ್ಲಿ 30, 4000ದಲ್ಲಿ 45. ಸರಾಸರಿ 27.5. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ವರ್ಗೀಕರಣದಲ್ಲಿ 20ರಿಂದ 35ರ ಒಳಗಿನದು ಸೌಮ್ಯ ನಷ್ಟ. ಶಿಬಿರದವರ 50ರಲ್ಲಿ ಗುಗ್ಗೆಯದೆಷ್ಟು, ಆಟೋಗಳದೆಷ್ಟು, ವ್ಯಾಪಾರದ್ದೆಷ್ಟು ಎಂದು ಬಿಡಿಸಿ ಲೆಕ್ಕ ಹಾಕಲಾರೆ.

ಆದರೆ ಸರಾಸರಿಯೂ ಮೋಸವೇ. ಗಂಜ್‌ನ ಸರಾಸರಿ ದರ ನೋಡಿ ಯಾವ ರೈತನೂ ತನ್ನ ಹತ್ತಿಗೆ ಎಷ್ಟು ಬರುತ್ತದೆ ಎಂದು ತಿಳಿಯಲಾರ. ‘ಸ’ಕಾರದ ಸದ್ದಿನ ಹೆಚ್ಚಿನ ಪಾಲು ಇರುವುದು 4000 ಹರ್ಟ್ಸ್‌ನ ಆಸುಪಾಸಿನಲ್ಲಿ ಮತ್ತು ಅದರ ಮೇಲೆ. ‘ಆ’ಕಾರದ್ದು ಅದಕ್ಕಿಂತ ಬಹಳ ಕೆಳಗೆ. ನನ್ನ ಕಿವಿಯಲ್ಲಿ ‘ಸಾತ್’ನ ತಲೆ ಹಾರಿ ‘ಆತ್’ ಮಾತ್ರ ಉಳಿಯುತ್ತಿತ್ತು, ಅದನ್ನು ನಾನು ಎಂಟು ಎಂದು ಓದಿಕೊಳ್ಳುತ್ತಿದ್ದೆ. ‘ಸಾಠ್’ ಎಂದರೂ ಅದೇ ಗತಿ, ಅರವತ್ತು ಹೋಗಿ ಎಂಟಾಗುತ್ತದೆ.

ಔಷಧಿ ಇಲ್ಲವೇ ಎಂದು ವೈದ್ಯರನ್ನು ಕೇಳಿದೆ. ಗುಗ್ಗೆ, ಕಿವಿ ತಮಟೆಯ ತೂತು, ನಡುಗಿವಿಯ ನೀರು ಇಂಥವಕ್ಕೆ ಚಿಕಿತ್ಸೆ ಇದೆ, ಆದರೆ ಒಳಗಿವಿಯಲ್ಲಿ ಸದ್ದು ಹಿಡಿಯುವ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ, ಮಾತ್ರೆಯಿಂದ ಪ್ರಯೋಜನವಿಲ್ಲ ಎಂದರು. ಸಾಧನ ಈಗಲೇ ಬೇಕೇ ಎಂದಾಗ ನೇರವಾಗಿ ಹೌದು ಎನ್ನಲಿಲ್ಲ, ಅದು ನನಗೆ ಹಿಡಿಸಿತು. ಎರಡೂ ಕಿವಿ ಸಮವಾಗಿ, ನಿಧಾನವಾಗಿ ಕುಗ್ಗಿದ್ದರಿಂದ ಆತುರವಿಲ್ಲ ಎಂದರು. ಒಂದೇ ಕಿವಿ ಕುಗ್ಗಿದ್ದರೆ ಅಥವಾ ಏಕಾಏಕಿ ಹೋಗಿದ್ದರೆ ಮಾತೇ ಬೇರೆ. ನಮ್ಮ ಭಾವನವರಿಗೆ ಒಂದು ದಿನ ಬೆಳಿಗ್ಗೆ ಏಳುವಾಗ ಎಡಗಿವಿ ಪೂರ್ತಿ ಬಂದಾಗಿತ್ತು. ನೆಗಡಿ ಎಂದು ತಿಂಗಳು ಕಳೆದರು. ಅದಕ್ಕೆ ಮೊದಲ ದಿನಗಳಲ್ಲೇ ಸ್ಟೀರಾಯ್ಡ್ ಕೊಡಬೇಕಿತ್ತಂತೆ. ಆ ಕಿವಿ ಮರಳಲಿಲ್ಲ.

ಆತುರವಿಲ್ಲ ಎಂದ ಮೇಲೆ ನಾನು ನನ್ನ ದಾರಿ ಹಿಡಿದೆ. ‘ಏನಂದಿರಿ?’ ಎಂದು ಕೇಳಿದಾಗಲೆಲ್ಲ ಖಾತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಕೆಂಪು ಗೆರೆ ಎಳೆದೆ. ಒಂದು ವಾರಕ್ಕೆ ಅಂಗಡಿಯಲ್ಲಿ 41, ಮನೆಯಲ್ಲಿ 9. ಮನೆಯ ಒಂಬತ್ತರಲ್ಲಿ ಏಳು ಮೊಮ್ಮಗಳದ್ದು. ಅವಳು ‘ತಾತಾ’ ಎಂದು ಕರೆದದ್ದು ಕೇಳಿಸುತ್ತಿತ್ತು, ಆಮೇಲಿನದು ಕೇಳಿಸುತ್ತಿರಲಿಲ್ಲ. ನಿರ್ಧಾರ ಮಾಡಿಸಿದ್ದು ಆ ಹಾಳೆ.

2022ರ ಡಿಸೆಂಬರ್‌ನಲ್ಲಿ, ಒಂದು ವಾರ ಹಾಕಿ ನೋಡಿದ ನಂತರ, 58,000 ರೂಪಾಯಿಗೆ ಜೋಡಿ ಕೊಂಡೆ. ಕಿವಿಯ ಹಿಂದೆ ಕೂರುವ ಚಿಕ್ಕ ಯಂತ್ರ, ಅದರಿಂದ ಕೂದಲಿನಂತಹ ತಂತಿ, ತುದಿಯಲ್ಲಿ ತೂತುಗಳಿರುವ ಸಿಲಿಕಾನ್ ಟೋಪಿ. ಆ ತೂತುಗಳೇ ಮುಖ್ಯ. ನನ್ನಂತೆ ಕೆಳಸ್ವರ ಚೆನ್ನಾಗಿ ಕೇಳುವವರಿಗೆ ಕಿವಿ ಪೂರ್ತಿ ಮುಚ್ಚಿದರೆ ಸ್ವಂತ ದನಿ ಕೊಡದೊಳಗೆ ತಲೆಯಿಟ್ಟು ಮಾತನಾಡಿದಂತೆ ಕೇಳುತ್ತದೆ. ಮೊದಲ ದಿನ ನೋಟು ಎಣಿಸುವ ಸದ್ದಿಗೇ ಬೆಚ್ಚಿದೆ. ಮೂರು ವಾರಕ್ಕೆ ತಲೆ ಹೊಂದಿಕೊಂಡಿತು.

ಎಲ್ಲಿ ಲಾಭ? ಸೂರಿನಡಿಯ ಮಾತಿನಲ್ಲಿ, ತೂಕದ ಕಟ್ಟೆಯಲ್ಲಿ, ಮೊಮ್ಮಗಳ ಬಳಿ. ಈ ಮಾರ್ಚ್‌ನಲ್ಲಿ ಮತ್ತೆ ಒಂದು ವಾರ ಗೆರೆ ಎಳೆದೆ: ಅಂಗಡಿಯಲ್ಲಿ 12, ಮನೆಯಲ್ಲಿ 2. ಎಲ್ಲಿ ಇಲ್ಲ? ಲಾರಿ ನಿಂತ ಅಂಗಳದಲ್ಲಿ, ಮದುವೆ ಮಂಟಪದಲ್ಲಿ, ಧ್ವನಿವರ್ಧಕ ಕಟ್ಟಿದ ಯಾವುದೇ ಕಡೆ. ಅಲ್ಲಿ ತೆಗೆದು ಜೇಬಿಗಿಡುತ್ತೇನೆ. ದಿನಕ್ಕೆ ಐದಾರು ಗಂಟೆಗಿಂತ ಹೆಚ್ಚು ಹಾಕುವುದಿಲ್ಲ, ಶ್ರವಣ ತಜ್ಞೆ ಅದಕ್ಕೆ ಬೈಯುತ್ತಾರೆ.

ನಮ್ಮೂರಿಗೇ ಸೇರಿದ ದೂರು ಒಂದಿದೆ: ಬೇಸಿಗೆ. ಏಪ್ರಿಲ್‌ನಿಂದ ಮನೆಯಲ್ಲಿ ಕೂಲರ್, ಅಂಗಡಿಯಲ್ಲಿ ಫ್ಯಾನ್, ಎರಡರ ಗಾಳಿಯೂ ನೇರ ಕಿವಿಯೊಳಗೆ ಬೀಸಿದಂತೆ. ಬೆವರು ಅದಕ್ಕಿಂತ ಕೆಟ್ಟದ್ದು. ಎರಡನೆಯ ವರ್ಷದ ಮೇ ತಿಂಗಳಲ್ಲಿ ಬಲಗಡೆಯದು ಸತ್ತಿತು, ದುರಸ್ತಿಗೆ ಬೆಂಗಳೂರಿಗೆ ಹೋಗಿ ಬರಲು 19 ದಿನ. ಈಗ ರಾತ್ರಿ ಸೆಲ್ ಬಾಗಿಲು ತೆರೆದು, ತೇವ ಹೀರುವ ಸಿಲಿಕಾ ಹರಳಿನ ಡಬ್ಬಿಯಲ್ಲಿಡುತ್ತೇನೆ. ನೀಲಿ ಹರಳು ಗುಲಾಬಿಯಾದರೆ ಅವುಗಳ ಕೆಲಸ ಮುಗಿಯಿತೆಂದು ಅರ್ಥ.

ಖರ್ಚು: ಕಂದು ಗುರುತಿನ 312 ಸೆಲ್, ನನ್ನ ಬಳಕೆಗೆ ಒಂದಕ್ಕೆ ಒಂಬತ್ತು ದಿನ. ಆರು ಸೆಲ್‌ನ ಕಾರ್ಡ್ 220 ರೂಪಾಯಿಯಂತೆ ಜೋಡಿಗೆ ವರ್ಷಕ್ಕೆ ಸುಮಾರು 3,000. ಟೋಪಿ, ಗುಗ್ಗೆ ತಡೆಯುವ ಜಾಲರಿ ಸೇರಿ ಇನ್ನೊಂದು ಸಾವಿರ. ಸರ್ಕಾರದ ಸಹಾಯ ಸಿಗಬಹುದು ಎಂದರು ಸಾಹುಕಾರರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಂದಶ್ರವಣ ಎಂದರೆ ಎರಡೂ ಕಿವಿಯಲ್ಲಿ 60ರಿಂದ 70 ಡೆಸಿಬೆಲ್ ನಷ್ಟ. ನಾನು ಆ ಬಾಗಿಲ ಹತ್ತಿರಕ್ಕೂ ಹೋಗುವವನಲ್ಲ.

ಮರೆವಿನ ಮಾತು ಉಳಿಯಿತು. 2023ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಅಮೆರಿಕದ ಅಧ್ಯಯನದಲ್ಲಿ 70ರಿಂದ 84 ವಯಸ್ಸಿನ 977 ಜನರನ್ನು ಮೂರು ವರ್ಷ ಗಮನಿಸಿದ್ದರು. ಸಾಧನ ಕೊಟ್ಟವರಿಗೂ ಕೊಡದವರಿಗೂ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಮೊದಲೇ ಹೆಚ್ಚು ಅಪಾಯದಲ್ಲಿದ್ದವರ ಗುಂಪಿನಲ್ಲಿ ಮಾತ್ರ ಬುದ್ಧಿಶಕ್ತಿ ಕುಗ್ಗುವ ವೇಗ ಶೇ. 48ರಷ್ಟು ಕಡಿಮೆಯಾಗಿತ್ತು. ಆಗ ಅರವತ್ತೂ ಆಗದ ನನ್ನನ್ನು ಅದೇ ಹೆಸರಿನಲ್ಲಿ ಹೆದರಿಸಿದ್ದು ನ್ಯಾಯವಲ್ಲ.

ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಅರ್ಧ ಅಂಕ ಕತ್ತರಿಸಿದ್ದು ಆ 19 ದಿನಕ್ಕೆ, ಒಂದು ಮದುವೆ ಮಂಟಪಗಳಿಗೆ. ಕಳೆದ ಪರೀಕ್ಷೆಯಲ್ಲಿ 2000 ಹರ್ಟ್ಸ್‌ನ ಗೆರೆ 30ರಿಂದ 35ಕ್ಕೆ ಹೋಗಿತ್ತು, ಅಂದರೆ ಕಿವಿ ಇನ್ನಷ್ಟು ಕುಗ್ಗಿತ್ತು, ಯಂತ್ರವನ್ನು ಅದಕ್ಕೆ ತಕ್ಕಂತೆ ಪುಕ್ಕಟೆ ಹೊಂದಿಸಿ ಕೊಟ್ಟರು. ಎಡಗಡೆಯ ತಂತಿ ಬದಲಿಸಬೇಕಂತೆ, 2,500 ರೂಪಾಯಿ. ದೀಪಾವಳಿಯ ಖಾತೆ ಪೂಜೆ ಮುಗಿಯಲಿ ಎಂದಿದ್ದೇನೆ.